ಐವತ್ತು ತುಂಬುವುದರೊಳಗೆ

2025ರ ಜೂನ್ 1ಕ್ಕೆ ನನಗೆ ಐವತ್ತು ತುಂಬಿತು. ಆ ದಿನದೊಳಗೆ ಮುಗಿಸಬೇಕೆಂದು ಅದಕ್ಕೂ ಸುಮಾರು ಒಂದೂವರೆ ವರ್ಷ ಮೊದಲು, ಕೊಪ್ಪಳದ ಗವಿಮಠದ ಜಾತ್ರೆ ಮುಗಿದ ಹೊಸತರಲ್ಲಿ, ಹೊಲಿಗೆಯ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಬರೆದುಕೊಂಡಿದ್ದೆ. ಹತ್ತನೆಯ ತರಗತಿ ಪಾಸಾಗಬೇಕು, ಸ್ಕೂಟರ್ ಕಲಿತು ಪರವಾನಗಿ ಪಡೆಯಬೇಕು, ಪಾಸ್‌ಪೋರ್ಟ್ ಮಾಡಿಸಬೇಕು, ಒಮ್ಮೆಯಾದರೂ ರಕ್ತ ಕೊಡಬೇಕು, ಅಂಗಾಂಗ ದಾನಕ್ಕೆ ಹೆಸರು ಬರೆಸಬೇಕು, ನಮ್ಮ ಕೊಪ್ಪಳದಲ್ಲೇ ಇರುವ ಅಶೋಕನ ಶಾಸನವನ್ನೂ ಹಿರೇಬೆಣಕಲ್ಲಿನ ಶಿಲಾಗೋರಿಗಳನ್ನೂ ಕಣ್ಣಾರೆ ನೋಡಬೇಕು ಎಂಬುದು ಆ ಪಟ್ಟಿ. ಎಲ್ಲವೂ ಮುಗಿದವು. ಬಟ್ಟೆ ಹೊಲಿಸಲು ಬರುವ ನನ್ನ ವಯಸ್ಸಿನ ಹೆಂಗಸರು ಈಗ ಒಬ್ಬೊಬ್ಬರಾಗಿ, ನೀವು ಅದನ್ನು ಹೇಗೆ ಮಾಡಿದಿರಿ, ಯಾವ ಕಾಗದ ಬೇಕಾಯಿತು ಎಂದು ಕೇಳುತ್ತಿರುವುದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಜೂನ್ 1 ನಾನು ನಿಜವಾಗಿ ಹುಟ್ಟಿದ ದಿನವಲ್ಲ. ಬಿಳಿಜೋಳದ ಸುಗ್ಗಿ ನಡೆದಿತ್ತು, ಕಣದಲ್ಲಿ ರಾಶಿ ಇತ್ತು ಎನ್ನುವುದಷ್ಟೇ ಅವ್ವನ ನೆನಪು. ಶಾಲೆಗೆ ಸೇರಿಸುವಾಗ ಗುರುಗಳು ಜೂನ್ ಒಂದು ಎಂದು ಬರೆದುಕೊಂಡರು. ನಮ್ಮ ಭಾಗದಲ್ಲಿ ನನ್ನ ಓರಿಗೆಯ ಅನೇಕರ ಹುಟ್ಟಿದ ದಿನ ಅದೇ. ಗಡುವು ಇಟ್ಟುಕೊಳ್ಳುವಾಗ ಕಾಗದದ ಮೇಲಿನ ದಿನಾಂಕವನ್ನೇ ಹಿಡಿಯಿರಿ ಎಂದು ನನ್ನಂಥವರಿಗೆ ಹೇಳುತ್ತೇನೆ, ಏಕೆಂದರೆ ಯಾವ ಕಚೇರಿಗೆ ಹೋದರೂ ವಯಸ್ಸನ್ನು ಎಣಿಸುವುದು ಅದರಿಂದಲೇ.

ಪಟ್ಟಿಯಲ್ಲಿ ಇಲ್ಲದ ಕೆಲಸವೇ ಮೊದಲು ಮಾಡಬೇಕಾದ ಕೆಲಸವಾಯಿತು. ಶಾಲೆಯ ದಾಖಲೆಯಲ್ಲಿ ನನ್ನ ಹೆಸರು ‘ಅಮ್ಮ’ ಎಂದು ಮುಗಿಯುತ್ತದೆ, ಆಧಾರ್‌ನಲ್ಲಿ ‘ಅವ್ವ’ ಎಂದು ಮುಗಿಯುತ್ತಿತ್ತು. ಮನೆಯಲ್ಲಿ, ಓಣಿಯಲ್ಲಿ ಎರಡೂ ಒಂದೇ. ಪರೀಕ್ಷೆಯ ಅರ್ಜಿಗೂ ಪಾಸ್‌ಪೋರ್ಟ್‌ಗೂ ಅವು ಇಬ್ಬರು ಬೇರೆ ಬೇರೆ ಹೆಂಗಸರು. ಮೇಲಾಗಿ ಆಧಾರ್‌ಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನದು. ಒಟಿಪಿ ಬಂದಾಗಲೆಲ್ಲ ಅವನು ಫೋನ್ ನೋಡುವ ಹೊತ್ತಿಗೆ ಅದರ ಅವಧಿ ಮುಗಿದಿರುತ್ತಿತ್ತು. ಯಾವ ಪಟ್ಟಿ ಮಾಡಿಕೊಂಡರೂ ಅದಕ್ಕೆ ಕೈಹಾಕುವ ಮುನ್ನ ಆಧಾರ್‌ನಲ್ಲಿ ಹೆಸರು ಸರಿಯಿದೆಯೇ, ಜೋಡಿಸಿದ ಸಂಖ್ಯೆ ನಿಮ್ಮ ಕೈಯಲ್ಲಿರುವ ಫೋನಿನದೇ ಎಂದು ನೋಡಿಕೊಳ್ಳಿ. ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ತಿದ್ದಿಸಬಹುದು, ಜನ್ಮದಿನಾಂಕವನ್ನು ಒಂದೇ ಸಲ. ಆದ್ದರಿಂದ ಯಾವ ಅಕ್ಷರ ಬೇಕೆಂದು ಶಾಲೆಯ ದಾಖಲೆಯನ್ನು ಎದುರಿಗಿಟ್ಟುಕೊಂಡು ತೀರ್ಮಾನಿಸಿಯೇ ಹೋಗಬೇಕು.

ಮೊಬೈಲ್ ಸಂಖ್ಯೆ ಬದಲಿಸಲು ಆಗ ಕೇಂದ್ರಕ್ಕೆ ಖುದ್ದು ಹೋಗಿ ಬೆರಳಚ್ಚು ಕೊಡಬೇಕಿತ್ತು. ಅಲ್ಲಿ ನಾನು ಎಣಿಸದ ತೊಡಕು ಎದುರಾಯಿತು. ಬಾಲ್ಯದಲ್ಲಿ ಹತ್ತಿ ಬಿಡಿಸಿದ, ಆಮೇಲೆ ವರ್ಷಗಟ್ಟಲೆ ಸೂಜಿ ಕತ್ತರಿ ಹಿಡಿದ ಬೆರಳುಗಳ ಗೆರೆಗಳು ಸವೆದಿದ್ದರಿಂದ ಯಂತ್ರ ಮತ್ತೆ ಮತ್ತೆ ನಿರಾಕರಿಸಿತು. ಸಾಲಿನಲ್ಲಿ ನಿಂತವರ ಎದುರು ಕೈ ಒರೆಸಿಕೊಂಡು, ಒತ್ತಿ, ಮತ್ತೆ ಒರೆಸಿಕೊಳ್ಳುವಾಗ ಕಣ್ಣಲ್ಲಿ ನೀರು ಬಂದಿತ್ತು. ಕೊನೆಗೆ ಒಬ್ಬ ಹುಡುಗಿ ಕಣ್ಣಿನ ಪಾಪೆಯ ಚಿತ್ರ ತೆಗೆದು ಕೆಲಸ ಮುಗಿಸಿಕೊಟ್ಟಳು. ಬೆರಳು ಹಿಡಿಯದಿದ್ದರೆ ಕಣ್ಣಿನ ಗುರುತಿನಿಂದ ಮಾಡಲು ಬರುತ್ತದೆ ಎಂಬುದನ್ನು ಹೊಲಮನೆ ಕೆಲಸ ಮಾಡಿದವರು ತಿಳಿದಿರಬೇಕು, ಕೇಳಬೇಕು. ಹೆಸರು ತಿದ್ದಿಸಲು ಗೆಜೆಟೆಡ್ ಅಧಿಕಾರಿ ಸಹಿ ಮಾಡಿದ ಆಧಾರ್ ನಮೂನೆಯ ಪ್ರಮಾಣಪತ್ರ ಕೊಟ್ಟೆ. ಆಗ ಇಂಥ ತಿದ್ದುಪಡಿಗೆ 50 ರೂಪಾಯಿ ಇತ್ತು. 2025ರ ಅಕ್ಟೋಬರ್‌ನಿಂದ 75 ರೂಪಾಯಿ ಆಗಿದೆ.

ಇದೇ ಹೊತ್ತಿಗೆ ಶಾಲೆಯ ವರ್ಗಾವಣೆ ಪತ್ರಕ್ಕಾಗಿ ಕುಕನೂರು ಕಡೆಯ ನನ್ನ ತವರೂರಿಗೆ ಓಡಾಡಿದೆ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟಾಗ ಆ ಪತ್ರವನ್ನು ಯಾರೂ ತೆಗೆದುಕೊಂಡಿರಲಿಲ್ಲ. ಮದುವೆ ಗೊತ್ತಾಗಿತ್ತು, ಇನ್ನು ಅದರ ಅಗತ್ಯವಿಲ್ಲ ಎಂದೇ ಎಲ್ಲರೂ ಭಾವಿಸಿದ್ದರು. ಹಳೆಯ ದಾಖಲಾತಿ ಪುಸ್ತಕಗಳು ಕಪಾಟಿನಿಂದ ಕಪಾಟಿಗೆ, ಕೋಣೆಯಿಂದ ಕೋಣೆಗೆ ಹೋಗಿದ್ದವು. ಇವತ್ತು ಬನ್ನಿ, ನಾಳೆ ಬನ್ನಿ ಎಂದು ಕೆಲವು ವಾರ ಕಳೆದ ಮೇಲೆ ಮುಖ್ಯೋಪಾಧ್ಯಾಯರು ತಾವೇ ಕುಳಿತು ಧೂಳು ಕೊಡವಿ ಹುಡುಕಿದರು. ನನ್ನ ಹೆಸರಿನ ಸಾಲು ಸಿಕ್ಕಿತು: ಅಪ್ಪನ ಹೆಸರು, ಜನ್ಮದಿನಾಂಕ, ಮತ್ತು ಜಿಲ್ಲೆ ರಾಯಚೂರು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಓದಿದ ನಮ್ಮ ಕಾಗದಗಳಲ್ಲೆಲ್ಲ ರಾಯಚೂರು ಎಂದೇ ಇರುತ್ತದೆ. ಇದರಿಂದ ಗಾಬರಿಯಾಗಬೇಕಿಲ್ಲ. ಅರ್ಜಿಗಳಲ್ಲಿ ಈಗಿನ ಜಿಲ್ಲೆಯನ್ನೇ ತುಂಬಿ, ಕೇಳಿದವರಿಗೆ ಜಿಲ್ಲೆ ಒಡೆದ ವರ್ಷವನ್ನು ಹೇಳಿದರೆ ಸಾಕಾಯಿತು.

ಈ ಎರಡು ಕಾಗದಗಳಿಗಾಗಿ ಅಲೆಯುವಾಗಲೇ ನಾನು ಪಟ್ಟಿಯ ಕ್ರಮವನ್ನು ಬದಲಿಸಿದೆ. ಮೊದಲು ಆಸೆಯ ಕ್ರಮದಲ್ಲಿ ಬರೆದಿದ್ದೆ. ಈಗ ಕಾಯುವಿಕೆಯ ಕ್ರಮದಲ್ಲಿ ಬರೆದೆ. ನಮ್ಮ ಕಾಲ ಮೇಲೆ ನಾವೇ ನಡೆದು ಮುಗಿಸಬಹುದಾದ ಕೆಲಸಗಳು ಯಾವಾಗಲಾದರೂ ಆಗುತ್ತವೆ, ಆದರೆ ಪರೀಕ್ಷೆ ವರ್ಷದ ಗೊತ್ತಾದ ತಿಂಗಳಲ್ಲೇ ಬರುತ್ತದೆ, ಕಲಿಕಾ ಪರವಾನಗಿಯಿಂದ ಪಕ್ಕಾ ಪರವಾನಗಿಗೆ ಇಂತಿಷ್ಟು ದಿನ ಎಂದಿದೆ, ಮೈಯಲ್ಲಿ ರಕ್ತ ಹೆಚ್ಚಲು ಅದರದೇ ಅವಧಿ ಬೇಕು. ಹುಟ್ಟುಹಬ್ಬ ಒಂದು ದಿನವೂ ಆಚೀಚೆ ಸರಿಯುವುದಿಲ್ಲ. ಹೀಗಾಗಿ ನಮ್ಮ ಕೈಯಲ್ಲಿಲ್ಲದ ಕಾಯುವಿಕೆ ಯಾವುದರಲ್ಲಿ ಹೆಚ್ಚೋ ಅದನ್ನು ಮೊದಲು ಹಿಡಿಯಬೇಕು. ನನಗೆ ಕಡೆಯವರೆಗೂ ನೆರವಾದದ್ದು ಈ ಒಂದು ತೀರ್ಮಾನ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚಿನಲ್ಲಿ ಎಂದು ಎಲ್ಲರಿಗೂ ಗೊತ್ತು, ಆದರೆ ಖಾಸಗಿ ಅಭ್ಯರ್ಥಿಯ ನೋಂದಣಿ ಹಿಂದಿನ ವರ್ಷದ ಮಳೆಗಾಲದಲ್ಲೇ ನಡೆದುಹೋಗುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಜನವರಿಯಲ್ಲಿ ಎಚ್ಚರಗೊಂಡರೆ ಮತ್ತೊಂದು ವರ್ಷ ಕಾಯಬೇಕಾಗುತ್ತದೆ. ಪರೀಕ್ಷಾ ಮಂಡಳಿಯ ಸುತ್ತೋಲೆ ಬಂತೇ ಎಂದು ಪ್ರೌಢಶಾಲೆಯಲ್ಲಿ ವಿಚಾರಿಸುತ್ತಲೇ ಇದ್ದೆ. ಬಂದ ವಾರವೇ ವರ್ಗಾವಣೆ ಪತ್ರ, ಆಧಾರ್, ಭಾವಚಿತ್ರಗಳನ್ನು ಕೊಟ್ಟು ಅರ್ಜಿ ತುಂಬಿಸಿದೆ. ಶುಲ್ಕವನ್ನು ಅದೇ ಸುತ್ತೋಲೆಯಲ್ಲಿ ಹೇಳಿರುತ್ತಾರೆ, ಚಲನ್‌ನ ಪ್ರತಿಯನ್ನು ಜೋಪಾನವಾಗಿಡಿ.

ಓದು ನನಗೆ ಹೊಸದಾಗಿಯೇ ಆರಂಭವಾಯಿತು. ನಾನು ಶಾಲೆ ಬಿಟ್ಟ ಮೇಲೆ ಪಠ್ಯಗಳು ಎಷ್ಟೋ ಸಲ ಬದಲಾಗಿವೆ. ಪಕ್ಕದ ಮನೆಯ ಹುಡುಗಿಯೂ ಅದೇ ವರ್ಷ ಹತ್ತನೆಯ ತರಗತಿ. ಸಂಜೆ ಅವಳು ತನ್ನ ಪಾಠವನ್ನು ನನಗೆ ಹೇಳಿಕೊಡುತ್ತಿದ್ದಳು, ಹೇಳಿಕೊಡುತ್ತ ತಾನೂ ಕಲಿಯುತ್ತಿದ್ದಳು. ಕನ್ನಡ ಮತ್ತು ಸಮಾಜ ವಿಜ್ಞಾನ ನನ್ನನ್ನು ಹಿಡಿದು ಕೂರಿಸಿದವು. ಇಂಗ್ಲಿಷ್‌ಗಿಂತ ಹಿಂದಿಯೇ ಕಷ್ಟವಾಯಿತು. ಗಣಿತದ ಭಯ ಮಾತ್ರ ಎದೆಯಲ್ಲೇ ಕುಳಿತಿತ್ತು, ಏಕೆಂದರೆ ಖಾಸಗಿ ಅಭ್ಯರ್ಥಿಗಳಿಗೆ ಶಾಲೆಯಿಂದ ಬರುವ ಆಂತರಿಕ ಅಂಕಗಳಿಲ್ಲ, ಪೂರ್ತಿ 100 ಅಂಕಗಳನ್ನೂ ಬರೆದೇ ಗಳಿಸಬೇಕು. ಸಮಾಂತರ ಶ್ರೇಢಿಗಳು ಕಲಿತಷ್ಟೂ ಹತ್ತಿರವಾದವು. ವೃತ್ತದ ಪಾಠ ಬಂದಾಗ ನನಗೇ ಅಚ್ಚರಿ. ಅಂಬ್ರೆಲಾ ಲಂಗ ಕತ್ತರಿಸುವಾಗ ಸೊಂಟದ ಸುತ್ತಳತೆಯನ್ನು ಆರೂಕಾಲಿನ ಆಸುಪಾಸಿನಿಂದ ಭಾಗಿಸಿ ಬಂದಷ್ಟು ಅಳತೆಗೆ ಬಟ್ಟೆಯ ಮೂಲೆಯಿಂದ ಗುರುತು ಹಾಕುತ್ತೇವೆ. ಆ ಲೆಕ್ಕ ಎಲ್ಲಿಂದ ಬಂತು ಎಂದು ನಾನು ಎಂದೂ ಕೇಳಿರಲಿಲ್ಲ. ಪರಿಧಿ ಎಂದರೆ ಎರಡು ಪೈ ತ್ರಿಜ್ಯ ಎಂದು ಆ ಹುಡುಗಿ ಬರೆದು ತೋರಿಸಿದ ಸಂಜೆ, ಇಷ್ಟು ವರ್ಷ ನಾನು ಗಣಿತ ಮಾಡುತ್ತಲೇ ಇದ್ದೆ ಎಂದು ತಿಳಿದು ಬಹಳ ಹೊತ್ತು ಸಂತೋಷದಲ್ಲಿ ಕುಳಿತಿದ್ದೆ.

ಸ್ಕೂಟರಿನ ವಿಷಯ ಬೇಗ ಹೇಳಿಬಿಡುತ್ತೇನೆ. ಗೇರಿಲ್ಲದ ದ್ವಿಚಕ್ರ ವಾಹನಕ್ಕೆ ಕಲಿಕಾ ಪರವಾನಗಿಯ ಶುಲ್ಕ 150 ರೂಪಾಯಿ, ಪರೀಕ್ಷೆಗೆ 50. ಪಕ್ಕಾ ಪರವಾನಗಿಗೆ 200, ಚಾಲನಾ ಪರೀಕ್ಷೆಗೆ 300. ನಲವತ್ತು ದಾಟಿದವರು ನಮೂನೆ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರವನ್ನು ವೈದ್ಯರಿಂದ ತುಂಬಿಸಿ ತರಲೇಬೇಕು. ಇದನ್ನು ತಾರದೆ ಹಿಂದಿರುಗಿದವರನ್ನು ನಾನು ಕಂಡೆ. ಕಲಿಕಾ ಪರವಾನಗಿ ಆರು ತಿಂಗಳು ನಡೆಯುತ್ತದೆ, ಅದು ಸಿಕ್ಕ 30 ದಿನಗಳಾದ ಮೇಲಷ್ಟೇ ಚಾಲನಾ ಪರೀಕ್ಷೆಗೆ ಹೋಗಬಹುದು. ಐವತ್ತರ ಹೊಸ್ತಿಲಲ್ಲಿರುವವರು ಇನ್ನೊಂದನ್ನು ತಿಳಿದಿರಬೇಕು: 2019ರ ತಿದ್ದುಪಡಿಯ ಪ್ರಕಾರ ಮೂವತ್ತರಿಂದ ಐವತ್ತರೊಳಗೆ ಪಡೆದ ಪರವಾನಗಿ ಹತ್ತು ವರ್ಷ ನಡೆಯುತ್ತದೆ, ಐವತ್ತು ದಾಟಿ ಐವತ್ತೈದರೊಳಗೆ ಪಡೆದದ್ದು ಅರವತ್ತು ತುಂಬುವವರೆಗೆ, ಐವತ್ತೈದರ ಮೇಲೆ ಐದೈದು ವರ್ಷಕ್ಕೆ. ಮಗಳು ಗಂಗಾವತಿಯಿಂದ ಬಂದು ಬೆಳಗಿನ ಜಾವ ಖಾಲಿ ಮೈದಾನದಲ್ಲಿ ಕಲಿಸಿದಳು. ಎಂಟರ ಆಕಾರದಲ್ಲಿ ತಿರುಗುವಾಗ ಕಾಲು ನೆಲಕ್ಕೆ ತಾಗಬಾರದು, ಅದೊಂದನ್ನು ಚೆನ್ನಾಗಿ ಅಭ್ಯಾಸ ಮಾಡಿದರೆ ಉಳಿದದ್ದು ಸುಲಭ. ಗಾಡಿಯ ಕೆಎ 37 ಎಂಬ ಫಲಕದ ಹಿಂದೆ ನಾನೇ ಕುಳಿತು ಜವಾಹರ ರಸ್ತೆಗೆ ನೂಲು, ಗುಂಡಿ ತರಲು ಹೋದ ಮೊದಲ ದಿನ ಯಾರನ್ನೂ ಕರೆಯಬೇಕಾಗಲಿಲ್ಲ, ಯಾರಿಗೂ ಕಾಯಬೇಕಾಗಲಿಲ್ಲ.

ಪಾಸ್‌ಪೋರ್ಟ್ ಏಕೆ ಎಂದು ಮನೆಯವರೇ ಕೇಳಿದ್ದರು. ಅಣ್ಣನ ಮಗಳು ಮಸ್ಕತ್‌ನಲ್ಲಿ ನರ್ಸ್, ಬಾ ಅತ್ತೆ ಎಂದು ಕರೆಯುತ್ತಲೇ ಇದ್ದಾಳೆ. ಹೋಗುವುದು ಯಾವಾಗಲೋ, ಕೇಳಿದಾಗ ಕಾಗದ ಸಿದ್ಧವಿರಲಿ ಎಂದು ನನ್ನ ಮನಸ್ಸಿನಲ್ಲಿತ್ತು. 36 ಪುಟಗಳ ಪುಸ್ತಕಕ್ಕೆ 1,500 ರೂಪಾಯಿ ಕಟ್ಟಿ, ಬಳ್ಳಾರಿಯ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಮಯ ಪಡೆದೆ. ಹೆಸರು ಮೊದಲೇ ತಿದ್ದಿಸಿದ್ದರಿಂದ ಕಾಗದಗಳಲ್ಲಿ ತೊಡಕಾಗಲಿಲ್ಲ. ಮದುವೆಯಾದ ಮೇಲೆ ಗಂಡನ ಮನೆತನದ ಹೆಸರನ್ನು ಸೇರಿಸಲೇಬೇಕೆಂಬ ಕಟ್ಟುಪಾಡು ಇಲ್ಲ, ನಾನು ಶಾಲೆಯ ಹೆಸರಿನಲ್ಲೇ ಮುಂದುವರಿದೆ.

ಒಂದು ಅನುಮಾನ ಮಾತ್ರ ಬಹಳ ಕಾಡಿತ್ತು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಎಂದು, ಅಂದರೆ ವಲಸೆ ಅನುಮತಿ ಬೇಕೆಂದು ನಮೂದಿಸುತ್ತಾರೆ. ಐವತ್ತು ದಾಟಿದವರಿಗೆ ಆ ನಮೂದು ಇರುವುದಿಲ್ಲ. ಹಾಗಾದರೆ ಪರೀಕ್ಷೆ ಮುಗಿಯುವವರೆಗೆ ಅಥವಾ ಹುಟ್ಟುಹಬ್ಬ ದಾಟುವವರೆಗೆ ಕಾಯಬೇಕೇ ಎಂದು ವಿಚಾರಿಸಿದೆ. ಆ ಅನುಮತಿ ಬೇಕಾಗುವುದು ಕೆಲಸಕ್ಕೆಂದು ಕೆಲವು ಗೊತ್ತಾದ ದೇಶಗಳಿಗೆ ಹೋಗುವವರಿಗೆ. ನೆಂಟರನ್ನು ನೋಡಲು ಹೋಗಿಬರುವವರಿಗೆ ಅದು ಅಡ್ಡಿಯಲ್ಲ. ಹೀಗೆಂದು ತಿಳಿದ ಮೇಲೆ ಕಾಯದೆ ಚಳಿಗಾಲದಲ್ಲೇ ಮುಗಿಸಿದೆ. ಪೊಲೀಸ್ ಪರಿಶೀಲನೆಗೆ ಬರುವವರು ಯಾವಾಗ ಬರುತ್ತಾರೆಂದು ತಿಳಿಯದೆ ಕೆಲವು ದಿನ ಊರು ಬಿಟ್ಟು ಹೋಗಲಿಲ್ಲ. ಅರ್ಜಿ ಹಾಕಿದ ಮೇಲೆ ಅಪರಿಚಿತ ಸಂಖ್ಯೆಯ ಕರೆ ಬಂದರೂ ಎತ್ತಿಕೊಳ್ಳಿ.

ಅದೇ ಚಳಿಗಾಲದಲ್ಲಿ, ಓದಿನ ನಡುವೆ, ನೋಡಬೇಕೆಂದುಕೊಂಡ ಜಾಗಗಳನ್ನೂ ನೋಡಿದೆ. ಹುಟ್ಟಿದಾಗಿನಿಂದ ಜಾತ್ರೆಗೆ ಹೋಗಿದ್ದೇನೆ, ದಾಸೋಹದಲ್ಲಿ ಉಂಡಿದ್ದೇನೆ, ತೇರಿಗೆ ಉತ್ತತ್ತಿ ಎಸೆದಿದ್ದೇನೆ. ಅದೇ ಗವಿಮಠದ ಗುಡ್ಡದ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಅಕ್ಷರಗಳಿವೆ ಎಂಬುದನ್ನು ಸಮಾಜ ವಿಜ್ಞಾನ ಓದುವಾಗಲೇ ಮನಸ್ಸಿಟ್ಟು ತಿಳಿದದ್ದು. ಕೊಪ್ಪಳದಲ್ಲಿ ಅಶೋಕನ ಶಾಸನಗಳು ಎರಡು, ಒಂದು ಗವಿಮಠದ ಬಳಿ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದ್ದುದರಿಂದ, ಬೇರೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದು ಕರೆದುಕೊಂಡ ರಾಜ ಯಾರೆಂಬುದು ಖಚಿತವಾಯಿತು. ಬಂಡೆಯ ಮುಂದೆ ನಿಂತಾಗ ಒಂದಕ್ಷರವೂ ಓದಲು ಬರಲಿಲ್ಲ, ಆದರೂ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಪಾಲ್ಕಿಗುಂಡಿಗೆ ಹತ್ತುವಾಗ ಬೆಳಿಗ್ಗೆ ಬೇಗ ಹೋಗಿ, ಜೊತೆಗೆ ದಾರಿ ಬಲ್ಲವರಿರಲಿ.

ಹಿರೇಬೆಣಕಲ್ಲಿಗೂ ಅದೇ ಮಾತು. ಊರಿನಿಂದ ಗುಡ್ಡದ ಕಲ್ಲುದಾರಿಯಲ್ಲಿ ನಡೆದೇ ಹೋಗಬೇಕು, ಮೇಲೆ ಅಂಗಡಿ ಮುಂಗಟ್ಟು ಇಲ್ಲ, ನೀರು ಬುತ್ತಿ ಕಟ್ಟಿಕೊಳ್ಳಬೇಕು, ಡಿಸೆಂಬರ್ ಜನವರಿ ಬಿಟ್ಟರೆ ನಮ್ಮ ಬಿಸಿಲು ಅಲ್ಲಿ ನಿಲ್ಲಗೊಡುವುದಿಲ್ಲ. ಜನ ಅದನ್ನು ಮೊರೇರ ಬೆಟ್ಟ ಎನ್ನುತ್ತಾರೆ. ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ, ಮುಂದೆ ದುಂಡನೆಯ ಕಿಂಡಿ ಕೊರೆದ ಶಿಲಾಗೋರಿಗಳು ಸುಮಾರು ನಾನೂರು ಇವೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ ಅದು. ಬಂಡೆಯ ಮೇಲಿರುವ ನಗಾರಿಯಾಕಾರದ ದೊಡ್ಡ ಕಲ್ಲನ್ನೂ ನೋಡದೆ ಬರಬೇಡಿ.

ಅಂಗಾಂಗ ದಾನದ ನೋಂದಣಿ ಮನೆಯಲ್ಲೇ ಕುಳಿತು ಆಧಾರ್ ಮತ್ತು ಒಟಿಪಿಯಿಂದ ಮುಗಿಯಿತು. ಅದಕ್ಕಿಂತ ಮುಖ್ಯವಾದದ್ದು ಮನೆಯವರಿಗೆ ಬಾಯಿಬಿಟ್ಟು ಹೇಳುವುದು, ಏಕೆಂದರೆ ಕೊನೆಗೆ ಒಪ್ಪಿಗೆ ಕೊಡಬೇಕಾದವರು ಅವರೇ. ಊಟಕ್ಕೆ ಕುಳಿತಾಗ ಹೇಳಿದೆ. ಮಗ ಮೊದಲು ಸಿಟ್ಟಾದ, ಆಮೇಲೆ ಸುಮ್ಮನಾದ, ಮರುದಿನ ತಾನೂ ಹೆಸರು ಬರೆಸಿದ.

2025ರ ಮಾರ್ಚ್ 21ಕ್ಕೆ ಪರೀಕ್ಷೆ ಆರಂಭವಾಗಿ ಏಪ್ರಿಲ್ 4ಕ್ಕೆ ಮುಗಿಯಿತು. ಮೂಲೆಯಲ್ಲಿ ಕ್ಯಾಮೆರಾ, ಗೋಡೆಗೆ ಗಡಿಯಾರ, ಹೊರಗೆ ಉರಿಬಿಸಿಲು. ನನ್ನ ಕೊಠಡಿಯಲ್ಲಿ ಸಾರಿಗೆ ಬಸ್ಸಿನ ಚಾಲಕನಾಗಲು ಬಯಸುವ ಯುವಕನಿದ್ದ, ಅಂಗನವಾಡಿಯಲ್ಲಿ ಸಹಾಯಕಿಯಾಗಿರುವವರಿದ್ದರು, ಗಣಿತದಲ್ಲಿ ಮತ್ತೆ ಮತ್ತೆ ಉಳಿದ ಹುಡುಗಿಯರಿದ್ದರು. ಪ್ರಶ್ನೆಪತ್ರಿಕೆ ಓದಿಕೊಳ್ಳಲು ಮೊದಲ ಹದಿನೈದು ನಿಮಿಷ ಕೊಡುತ್ತಾರೆ. ಆ ಹೊತ್ತಿನಲ್ಲಿ ನಮಗೆ ಉತ್ತರ ಬರುವ ಪ್ರಶ್ನೆಗಳನ್ನು ಗುರುತಿಸಿಕೊಂಡರೆ ಎದೆಬಡಿತ ತಾನಾಗಿ ಇಳಿಯುತ್ತದೆ. ಮೂರು ಗಂಟೆ ಒಂದೇ ಸಮನೆ ಬರೆಯುವ ರೂಢಿ ಕೈಗೆ ತಪ್ಪಿರುತ್ತದೆ, ಇದನ್ನು ಯಾರೂ ಹೇಳುವುದಿಲ್ಲ. ಪರೀಕ್ಷೆಗೆ ಎರಡು ತಿಂಗಳು ಮೊದಲಿನಿಂದ ದಿನಾ ಗಡಿಯಾರ ಇಟ್ಟುಕೊಂಡು ಬರೆದು ರೂಢಿಸಿಕೊಂಡದ್ದು ನನ್ನನ್ನು ಕಾಯಿತು. ಗಣಿತದ ದಿನ ವೃತ್ತದ ಪ್ರಶ್ನೆಗಳನ್ನೇ ಮೊದಲು ಬಿಡಿಸಿದೆ.

ಏಪ್ರಿಲ್ ಪೂರ್ತಿ ಕಾಯುವುದರಲ್ಲಿ ಕಳೆಯಿತು. ಮದುವೆಯ ಕಾಲ, ಹೊಲಿಗೆ ಕೆಲಸ ರಾಶಿ ಬಿದ್ದಿತ್ತು, ಮನಸ್ಸು ಮಾತ್ರ ಅಲ್ಲಿರಲಿಲ್ಲ. ಒಂದು ವಿಷಯ ಉಳಿದರೂ ಮುಂದಿನ ಪರೀಕ್ಷೆಯ ಫಲಿತಾಂಶ ಜೂನ್ 1ರ ಒಳಗೆ ಬರುವುದಿಲ್ಲ ಎಂಬ ಲೆಕ್ಕವನ್ನು ರಾತ್ರಿ ಮಲಗಿದಾಗಲೆಲ್ಲ ಹಾಕುತ್ತಿದ್ದೆ. ಮೇ 2ಕ್ಕೆ ಫಲಿತಾಂಶ ಬಂತು. ನೋಂದಣಿ ಸಂಖ್ಯೆ ಒತ್ತಿದವಳು ಪಕ್ಕದ ಮನೆಯ ಹುಡುಗಿ. ಗಣಿತಕ್ಕೆ 41, ಪಾಸಾಗಲು ಆಗ ಬೇಕಿದ್ದದ್ದು 35. ಕನ್ನಡಕ್ಕೆ 125ಕ್ಕೆ 98. ನಾನು ಗೋಡೆಗೆ ಒರಗಿ ಅತ್ತೆ. ಎಂಬತ್ತು ಸಮೀಪಿಸಿರುವ ಅವ್ವನಿಗೆ ಫೋನ್ ಮಾಡಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಆವಾಗ ಬಿಡಿಸಬಾರದಿತ್ತವ್ವ ನಿನ್ನ’ ಎಂದಳು. ಅವಳ ಮೇಲೆ ನನಗೆ ಎಂದೂ ಸಿಟ್ಟಿರಲಿಲ್ಲ, ಅಂದಿನ ಮನೆಯ ಸ್ಥಿತಿ ನಾನೇ ಕಂಡದ್ದು. ಇನ್ನು ಮುಂದೆ ಬರೆಯುವವರಿಗೆ ದಾರಿ ಇನ್ನಷ್ಟು ಸುಲಭವಾಗಿದೆ: 2025-26ನೇ ಸಾಲಿನಿಂದ ಒಟ್ಟಾರೆ ತೇರ್ಗಡೆಯ ಮಟ್ಟವನ್ನು ಶೇಕಡಾ 33ಕ್ಕೆ ಇಳಿಸಿದ್ದಾರೆ.

ಉಳಿದದ್ದು ರಕ್ತದಾನ. ಹಿಂದಿನ ಮಳೆಗಾಲದಲ್ಲೇ ಒಂದು ಶಿಬಿರಕ್ಕೆ ಹೋಗಿ, ಹಿಮೋಗ್ಲೋಬಿನ್ 10.6 ಇದೆ, ನಿಮಗೇ ರಕ್ತ ಸಾಲದು ಎಂದು ಹಿಂದಿರುಗಿಸಿಕೊಂಡಿದ್ದೆ. ಕೊಡಬೇಕಾದರೆ ಕನಿಷ್ಠ 12.5 ಇರಬೇಕು, ತೂಕ 45 ಕಿಲೋಕ್ಕೆ ಕಡಿಮೆಯಿರಬಾರದು. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, ಅದರ ಆಸುಪಾಸಿನಲ್ಲಿ ಚಹಾ ಕುಡಿಯಬೇಡಿ, ನಿಂಬೆಹಣ್ಣಿನ ರಸದ ಜೊತೆ ತೆಗೆದುಕೊಳ್ಳಿ ಎಂದರು. ನಮ್ಮ ಮನೆಗಳಲ್ಲಿ ಊಟವಾದ ಕೂಡಲೇ ಚಹಾ ಇಳಿಸುವ ರೂಢಿ. ಅದನ್ನು ಬಿಡುವುದು ಮಾತ್ರೆ ನುಂಗುವುದಕ್ಕಿಂತ ಕಷ್ಟವಾಯಿತು. ತಿಂಗಳುಗಟ್ಟಲೆ ಏರಿಕೆ ಬಹಳ ನಿಧಾನವಾಗಿತ್ತು, ಒಮ್ಮೆ ಸ್ವಲ್ಪ ಇಳಿದೂ ಇತ್ತು. ಪುಂಡಿಪಲ್ಯ, ಮೆಂತ್ಯ, ಕಡಲೆ, ಶೇಂಗಾ ಬೆಲ್ಲ ಎಂದು ತಿನ್ನುತ್ತಲೇ ಇದ್ದೆ. ನಮ್ಮ ಸುತ್ತಿನ ಎಷ್ಟೋ ಹೆಂಗಸರು ಸುಸ್ತು, ತಲೆಸುತ್ತು ಎಂದರೆ ವಯಸ್ಸಾಯಿತು ಎಂದುಕೊಂಡು ಸುಮ್ಮನಿರುತ್ತಾರೆ. ದಾನ ಕೊಡದಿದ್ದರೂ ಸರಿ, ಈ ಒಂದು ಪರೀಕ್ಷೆಯನ್ನು ದಯವಿಟ್ಟು ಮಾಡಿಸಿಕೊಳ್ಳಿ.

ಮೇ ತಿಂಗಳ ಕೊನೆಯ ವಾರ ರಕ್ತನಿಧಿಗೆ ಹೋದಾಗ 12.7 ಬಂತು. ಬರೆದುಕೊಳ್ಳುತ್ತಿದ್ದ ಸಿಬ್ಬಂದಿ ವಯಸ್ಸು ಕೇಳಿ, ಮೊದಲ ಸಲ ಕೊಡುವವರು ಅರವತ್ತರವರೆಗೂ ಆರಂಭಿಸಬಹುದು, ಮೊದಲಿನಿಂದ ಕೊಡುತ್ತಿರುವವರು ಅರವತ್ತೈದರವರೆಗೆ ಕೊಡಬಹುದು ಎಂದರು. 350 ಮಿಲಿಲೀಟರ್ ತೆಗೆದುಕೊಂಡರು, ಕೆಲವೇ ನಿಮಿಷಗಳ ಕೆಲಸ. ಹೆಂಗಸರು ಒಮ್ಮೆ ಕೊಟ್ಟ ಮೇಲೆ 120 ದಿನ ಬಿಡಬೇಕು, ಗಂಡಸರು 90 ದಿನ. ಆ ಅವಧಿ ಕಳೆದ ಮೇಲೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಮತ್ತೆ ಹೋಗಿ ಕೊಟ್ಟು ಬಂದೆ. ಆ ಸಲ ಜೊತೆಗೆ ಓರಗಿತ್ತಿಯೂ ಬಂದಿದ್ದಳು, ಅವಳಿಗೆ 11.4 ಇತ್ತು, ಮಾತ್ರೆ ಬರೆಸಿಕೊಂಡು ಬಂದಿದ್ದಾಳೆ. ಅವಳ ಐವತ್ತಕ್ಕೆ ಇನ್ನೂ ಎರಡು ವರ್ಷವಿದೆ, ಆಧಾರ್‌ನ ಹೆಸರನ್ನು ಈಗಲೇ ತಿದ್ದಿಸಲು ಕೊಟ್ಟಿದ್ದಾಳೆ.